ಬಿಲ್ಲಿನಲ್ಲಿ ಬರೆಯದ ಸರಕು



ಹೆದ್ದಾರಿಯಲ್ಲಿ ಉದ್ದನೆಯ ಲಾರಿಗಳ ಬೆನ್ನೇರಿ ಹೋಗುವ ಉಕ್ಕಿನ ಕಂಟೇನರುಗಳನ್ನು ನೀವೆಲ್ಲ ನೋಡಿದ್ದೀರಿ. ಅವುಗಳಲ್ಲಿ ಚಿಕ್ಕದು ಇಪ್ಪತ್ತು ಅಡಿಯದು. ಒಳಗಿನ ಜಾಗ ಸುಮಾರು 33 ಘನ ಮೀಟರ್. ಅದರೊಳಗೆ ಗಾಳಿ ತುಂಬಿದ ಫುಟ್‌ಬಾಲುಗಳನ್ನು ಸಾಲುಸಾಲಾಗಿ ಜೋಡಿಸುತ್ತ ಹೋಗಿ. ಎರಡೂವರೆ ಸಾವಿರದ ಆಸುಪಾಸಿಗೆ ಬಾಗಿಲು ಹಾಕಬೇಕಾಗುತ್ತದೆ. ಚೆಂಡೊಂದರ ತೂಕ 410ರಿಂದ 450 ಗ್ರಾಂ. ಎಲ್ಲ ಸೇರಿ ಒಂದು ಟನ್ನಿಗೆ ತುಸು ಮೇಲೆ. ಆ ಕಂಟೇನರಿಗೋ, 20 ಟನ್ನಿಗೂ ಮೀರಿ ಹೊರುವ ಶಕ್ತಿಯಿದೆ. ಹಾಗಾದರೆ ದುಡ್ಡು ಕೊಟ್ಟು ಸಮುದ್ರ ದಾಟಿಸಿದ್ದು ಏನನ್ನು? ಹೆಚ್ಚಿನ ಪಾಲು ಗಾಳಿಯನ್ನು. ಸರಕಿನ ಬಿಲ್ಲಿನಲ್ಲಿ ‘ಫುಟ್‌ಬಾಲ್, 2,500’ ಎಂದಿರುತ್ತದೆ. ಗಾಳಿಯ ಮಾತು ಅದರಲ್ಲಿ ಎಲ್ಲೂ ಬರುವುದಿಲ್ಲ.

ಹಡಗಿನ ಸರಕಿನ ಕಾಗದಪತ್ರ ನೋಡಿಕೊಳ್ಳುವ ಕೆಲಸದಲ್ಲಿ ಬಹುಕಾಲ ಇದ್ದವನು ನಾನು. ಹೊರಾಂಗಣ ಆಟಗಳ ಸಾಮಾನು ಬಂದಾಗಲೆಲ್ಲ ಗಮನಿಸಿದ್ದು ಇದನ್ನೇ. ಲಾಭ ನಷ್ಟ ಎರಡನ್ನೂ ತೀರ್ಮಾನಿಸುವುದು ಬಿಲ್ಲಿನಲ್ಲಿ ಬರೆದ ಮಾಲಲ್ಲ, ಅದರ ಜೊತೆಯಲ್ಲಿ ಬರೆಯಿಸಿಕೊಳ್ಳದೆ ಹತ್ತಿ ಕೂತ ಮಾಲು. ಗಾಳಿ ಅವುಗಳಲ್ಲಿ ಮೊದಲನೆಯದು.

ಚೆಂಡು ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ಗಾಳಿ ತೆಗೆದು, ಒಂದು ಮಗ್ಗುಲನ್ನು ಒಳಕ್ಕೊತ್ತಿ, ಒಂದರ ಹೊಟ್ಟೆಯಲ್ಲಿ ಇನ್ನೊಂದನ್ನು ಕೂರಿಸಿ ಕಳಿಸುತ್ತಾರೆ. ಅದೇ ಕಂಟೇನರಿನಲ್ಲಿ ಹಲವು ಪಟ್ಟು ಚೆಂಡು ಹಿಡಿಯುತ್ತದೆ. ಗಾಳಿ ಪುಕ್ಕಟೆ ಸಿಗುವ ವಸ್ತು, ಹೋದ ಊರಿನಲ್ಲೇ ತುಂಬಿಸಿಕೊಳ್ಳಲಿ! ವಿಶ್ವಕಪ್ಪಿನ ಚೆಂಡುಗಳಿಂದ ಹೆಸರಾದ ಪಾಕಿಸ್ತಾನದ ಸಿಯಾಲ್‌ಕೋಟ್ ಊರಿಗೆ ಸಮುದ್ರವೇ ಇಲ್ಲ. ಕರಾಚಿ ಬಂದರು ಸಾವಿರ ಕಿಲೋಮೀಟರಿಗೂ ದೂರ. ಅಲ್ಲಿನ ರಫ್ತುದಾರರು ಸರ್ಕಾರಕ್ಕೆ ಕಾಯದೆ ತಾವೇ ಹಣ ಹಾಕಿ, ಸರಕಿನ ಕಸ್ಟಮ್ಸ್ ಕೆಲಸವನ್ನು ಊರಲ್ಲೇ ಮುಗಿಸುವ ಒಣ ಬಂದರನ್ನು ಕಟ್ಟಿಕೊಂಡರು. ಅದೂ ಸಾಲದೆ ವಿಮಾನ ನಿಲ್ದಾಣವನ್ನೇ ಕಟ್ಟಿದರು. ಅದು ಶುರುವಾದದ್ದು 2007ರಲ್ಲಿ. ಚೆಂಡು ಹೊಲಿಯುವವರ ಊರೊಂದು ಸ್ವಂತ ವಿಮಾನ ನಿಲ್ದಾಣ ಕಟ್ಟಿಕೊಂಡದ್ದನ್ನು ನೆನೆದಾಗಲೆಲ್ಲ ನನಗೆ ಆ ಜನರ ಮೇಲೆ ಮೆಚ್ಚುಗೆ ಮೂಡುತ್ತದೆ.

ಕಂಟೇನರ್ ತುಂಬುವಷ್ಟು ಮಾಲಿಲ್ಲದವರು ಬೇರೆಯವರ ಜೊತೆ ಜಾಗ ಹಂಚಿಕೊಳ್ಳುತ್ತಾರೆ. ಎಲ್‌ಸಿಎಲ್ ಎಂದು ಅದಕ್ಕೆ ಹೆಸರು. ಅಲ್ಲಿ ಒಂದು ಘನ ಮೀಟರ್ ಜಾಗಕ್ಕೆ ಒಂದು ಟನ್ ತೂಕ ಸಮ ಎಂದು ಹಿಡಿದು, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದರ ಕಟ್ಟುತ್ತಾರೆ. ಆಕ್ಲೆಂಡಿಗೆ ಕೆಲಸದ ಮೇಲೆ ಹೊರಟಿದ್ದ ಹುಡುಗನೊಬ್ಬ ಕಚೇರಿಗೆ ಬಂದಿದ್ದ. “ಸಾರ್, ಸೈಕಲ್ಲು ಭಾರೀ ಹಗುರ, ಹದಿನೈದೇ ಕಿಲೋ” ಎಂದ. “ತೂಕ ಇರಲಿ ಬಿಡಪ್ಪಾ, ಡಬ್ಬದ ಉದ್ದ ಅಗಲ ಎತ್ತರ ಹೇಳು” ಎಂದೆ. ಸೈಕಲ್ಲಿನ ಮುಂದಿನ ಗಾಲಿ ಬಿಚ್ಚಿ, ಪೆಡಲ್ ಕಳಚಿ, ಹ್ಯಾಂಡಲ್ ತಿರುಗಿಸಿ ಕಟ್ಟಿದರೂ ರಟ್ಟಿನ ಡಬ್ಬ 140 ಸೆಂಟಿಮೀಟರ್ ಉದ್ದ, 80 ಎತ್ತರ, 20 ಅಗಲ ಆಗಿಯೇ ಆಗುತ್ತದೆ. ಲೆಕ್ಕ ಹಾಕಿ: ಹಡಗಿನವರ ಪಾಲಿಗೆ ಅದು 15 ಕಿಲೋ ಅಲ್ಲ, 220 ಕಿಲೋಗೂ ಮೇಲು. ಅದರ ಮೇಲೆ ಎಷ್ಟೇ ಕಡಿಮೆ ಇದ್ದರೂ ಇಷ್ಟು ಕೊಡಲೇಬೇಕೆಂಬ ಕನಿಷ್ಠ ದರ ಬೇರೆ. ಹಡಗಿನ ಬಾಡಿಗೆಯನ್ನು ನಂಬಲಾಗದಷ್ಟು ಅಗ್ಗ ಎಂದು ಹೇಳಿ, ಹೋದ ಬಂದರಿನಲ್ಲಿ ಇಳಿಸುವ ಕೂಲಿ, ಬಿಡಿಸುವ ಕೂಲಿ, ಗೋದಾಮು, ಕಾಗದ ಎಂದು ಅದರ ಎರಡರಷ್ಟನ್ನು ಕೀಳುವವರೂ ಈ ದಂಧೆಯಲ್ಲಿ ಇದ್ದಾರೆ. ಮನೆ ಬಾಗಿಲಿಗೆ ಬಂದು ಬೀಳುವ ತನಕ ಒಟ್ಟು ಎಷ್ಟು ಎಂದು ಬರವಣಿಗೆಯಲ್ಲಿ ಕೇಳದೆ ಯಾರಿಗೂ ಒಪ್ಪಿಗೆ ಕೊಡಬೇಡಿ.

ಗಾಳಿ ತೆಗೆಯುವುದೇನೋ ಸರಿ, ಎಲ್ಲದರಿಂದಲೂ ತೆಗೆಯಲಾಗುವುದಿಲ್ಲ. ಹಿಮದ ಚಾರಣಕ್ಕೆ ಒಯ್ಯುವ ಪುಕ್ಕ ತುಂಬಿದ ಮಲಗುಚೀಲವನ್ನು ಹಿಂಡಿ ಸಣ್ಣ ಗಂಟಾಗಿಸಬಹುದು. ಹಾಗೆಯೇ ತಿಂಗಳುಗಟ್ಟಲೆ ಇಟ್ಟರೆ ಪುಕ್ಕ ಚಪ್ಪಟೆಯಾಗಿ ಮತ್ತೆ ಪೂರ್ತಿ ಅರಳುವುದಿಲ್ಲ. ಬೆಚ್ಚಗಿಡುವುದು ಪುಕ್ಕದ ನಡುವೆ ನಿಂತ ಗಾಳಿಯೇ ಆದ್ದರಿಂದ, ಬಾಡಿಗೆ ಉಳಿಸಲು ಹೋಗಿ ಚೀಲದ ಗುಣವನ್ನೇ ಕಳೆದುಕೊಂಡಂತಾಗುತ್ತದೆ. ಎಂಟು ಜನ ಹುಟ್ಟು ಹಾಕುವ ರೋಯಿಂಗ್ ದೋಣಿ 17 ಮೀಟರಿಗೂ ಉದ್ದ. ನಲವತ್ತು ಅಡಿ ಕಂಟೇನರಿನ ಒಳಗಿನ ಉದ್ದ 12 ಮೀಟರ್ ಅಷ್ಟೇ. ಹಾಗಾಗಿ ದೂರದ ಸ್ಪರ್ಧೆಗಳಿಗೆ ಹೋಗುವ ದೋಣಿಗಳನ್ನು ಕಟ್ಟುವಾಗಲೇ ತುಂಡುಗಳಾಗಿ ಕಟ್ಟಿ, ಬೋಲ್ಟು ಹಾಕಿ ಬಿಗಿಯುವಂತೆ ಮಾಡಿರುತ್ತಾರೆ. ಕಂಟೇನರಿನ ಉದ್ದ ದೋಣಿಯ ವಿನ್ಯಾಸವನ್ನೇ ತಿದ್ದಿತು ಅನ್ನಿ. ನಮ್ಮ ಮೂಲ್ಕಿ, ಸಸಿಹಿತ್ಲುಗಳ ಕಡಲಲ್ಲಿ ಅಲೆ ಏರುವ ಹುಡುಗ ಹುಡುಗಿಯರನ್ನು ನೀವು ನೋಡಿರಬಹುದು. ಸಸಿಹಿತ್ಲಿನಲ್ಲಿ 2016ರಲ್ಲಿ ರಾಷ್ಟ್ರಮಟ್ಟದ ಸರ್ಫಿಂಗ್ ಸ್ಪರ್ಧೆಯೂ ನಡೆಯಿತು. ಅವರ ಕಂಕುಳಲ್ಲಿರುವ ಹಲಗೆ ಮೂರ್ನಾಲ್ಕು ಕಿಲೋ ತೂಗಿದರೆ ಹೆಚ್ಚು. ಒಳಗೆಲ್ಲ ನೊರೆಯಂಥ ಫೋಮು, ಮೇಲೆ ತೆಳ್ಳನೆಯ ಫೈಬರ್ ಹೊದಿಕೆ. ಸಮುದ್ರದಲ್ಲೇ ಬಾಳುವ ಈ ಹಲಗೆಗೆ ಸಮುದ್ರಯಾನ ಮಾತ್ರ ಒಗ್ಗುವುದಿಲ್ಲ. ಬಿಸಿಲಿಗೆ ಬಿದ್ದ ಉಕ್ಕಿನ ಕಂಟೇನರಿನ ಸೂರಿನಡಿ 50 ಡಿಗ್ರಿ ದಾಟಿದಾಗ ಫೋಮಿನಿಂದ ಹೊದಿಕೆ ಬಿಟ್ಟುಕೊಳ್ಳಬಹುದು.

ಈ ಉಷ್ಣದ ಹಿಂದೆಯೇ ಬರುತ್ತದೆ ನೀರು. ಅಲೆಯ ನೀರಲ್ಲ, ಕಂಟೇನರಿನ ಒಳಗೇ ಹುಟ್ಟುವ ನೀರು. ಇದರ ಕಥೆಯನ್ನು ಕ್ರಿಕೆಟ್ ಬ್ಯಾಟಿನ ಮೂಲಕ ಹೇಳುವುದೇ ಸುಲಭ. ಬ್ಯಾಟಿನಷ್ಟು ವಿಚಿತ್ರ ಪ್ರಯಾಣ ಮಾಡುವ ಆಟದ ಸಾಮಾನು ಇನ್ನೊಂದಿಲ್ಲ.

ಒಳ್ಳೆಯ ಬ್ಯಾಟಿನ ಮರ ಬೆಳೆಯುವುದು ಇಂಗ್ಲೆಂಡಿನಲ್ಲಿ. ಎಸೆಕ್ಸ್, ಸಫೋಕ್ ಕಡೆಯ ತೊರೆಗಳ ದಂಡೆಯ ವಿಲೋ ಮರ ಹದಿನೈದು, ಇಪ್ಪತ್ತು ವರ್ಷಕ್ಕೆ ಕಡಿಯುವ ಹದಕ್ಕೆ ಬರುತ್ತದೆ. ಬೊಡ್ಡೆಯನ್ನು ಸೀಳಿ ಬ್ಯಾಟಿನ ಗಾತ್ರಕ್ಕೆ ಮಾಡಿದ ತುಂಡಿಗೆ ಕ್ಲೆಫ್ಟ್ ಎನ್ನುತ್ತಾರೆ. ತುದಿಗಳಿಂದ ತೇವ ಬೇಗ ಆರಿಹೋದರೆ ಮರ ಬಿರಿಯುವುದರಿಂದ ಅಲ್ಲಿಗೆ ಮೇಣ ಬಳಿಯುತ್ತಾರೆ. ಈ ಕ್ಲೆಫ್ಟುಗಳು ಹಡಗು ಹತ್ತಿ ಮುಂಬಯಿ ಪಕ್ಕದ ನ್ಹಾವಾ ಶೇವಾಕ್ಕೋ, ಗುಜರಾತಿನ ಮುಂದ್ರಾಕ್ಕೋ ಬಂದು, ಅಲ್ಲಿಂದ ಮೀರತ್ತಿಗೂ ಜಲಂಧರಕ್ಕೂ ಹೋಗುತ್ತವೆ. ಅಲ್ಲಿನ ಕುಶಲಿಗಳು ಒತ್ತಿ, ಕೆತ್ತಿ, ಹಿಡಿ ಕೂರಿಸಿ ಬ್ಯಾಟು ಮಾಡುತ್ತಾರೆ. ಆ ಬ್ಯಾಟು ಮತ್ತೆ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತದೆ. ಇಂಗ್ಲಿಷ್ ಹೆಸರು ಹೊತ್ತ ಎಷ್ಟೋ ಬ್ಯಾಟುಗಳ ಮೈಗೆ ಕೆತ್ತನೆಯ ಗುರುತು ಬಿದ್ದದ್ದು ನಮ್ಮ ಉತ್ತರದ ಊರುಗಳಲ್ಲಿ. ತನ್ನ ಊರಿನ ಮೈದಾನಕ್ಕೆ ಇಳಿಯಲು ಆ ಮರ ಎರಡು ಸಲ ಸಮುದ್ರ ದಾಟಿರುತ್ತದೆ.

ಈ ಊರುಗಳು ಬ್ಯಾಟಿನ ಊರುಗಳಾದದ್ದರ ಹಿಂದೆ 1947 ಇದೆ. ಅದಕ್ಕೂ ಮೊದಲು ಕ್ರೀಡಾ ಸಾಮಗ್ರಿಯ ರಾಜಧಾನಿ ಸಿಯಾಲ್‌ಕೋಟೇ ಆಗಿತ್ತು. ದೇಶ ವಿಭಜನೆಯಾದಾಗ ಅಲ್ಲಿನ ಹಿಂದೂ ಕಸುಬುದಾರರೂ ವ್ಯಾಪಾರಿಗಳೂ ಗಡಿ ದಾಟಿ ಬಂದು ಜಲಂಧರದಲ್ಲಿ, ಮೀರತ್ತಿನಲ್ಲಿ ನೆಲೆಯಾದರು. ನಮ್ಮ ಟೆಸ್ಟ್ ಪಂದ್ಯಗಳಲ್ಲಿ ಬಳಸುವ ಚೆಂಡಿನ ಎಸ್‌ಜಿ ಸಂಸ್ಥೆಯೂ 1931ರಲ್ಲಿ ಶುರುವಾದದ್ದು ಸಿಯಾಲ್‌ಕೋಟಿನಲ್ಲೇ. ಇವತ್ತು ಮೀರತ್ತಿನದು. ಗಡಿ ದಾಟಿ ಬಂದವರು ಸಮುದ್ರ ಹತ್ತಿರವಿದೆಯೇ ಎಂದು ನೋಡಿಕೊಂಡು ನೆಲೆಸಿದವರಲ್ಲ. ಹಾಗಾಗಿ ಅಲ್ಲಿನ ಪ್ರತಿಯೊಂದು ಬ್ಯಾಟೂ ಹಡಗಿನ ಮುಖ ನೋಡುವ ಮೊದಲು ಅರ್ಧ ದೇಶ ದಾಟಬೇಕು.

ಈಗ ನೀರಿನ ವಿಷಯ. ಬ್ಯಾಟನ್ನು ಪೌಂಡು, ಔನ್ಸಿನ ಲೆಕ್ಕದಲ್ಲಿ ಆರಿಸಿಕೊಳ್ಳುವುದು ಆಟಗಾರರ ರೂಢಿ. ಒಬ್ಬನಿಗೆ 2 ಪೌಂಡು 8 ಔನ್ಸು ಸರಿ, ಇನ್ನೊಬ್ಬನಿಗೆ 9 ಔನ್ಸು. ಔನ್ಸೆಂದರೆ 28 ಗ್ರಾಂ. ಕಿಲೋಗೆ ತುಸು ಮೇಲಿರುವ ಆ ಮರ ಶೇಕಡಾ ಮೂರರಷ್ಟು ತೇವ ಹೀರಿಕೊಂಡರೆ ಸಾಕು, ಒಂದು ಔನ್ಸು ಏರಿತು. ಅಂಗಡಿಯವನು ಚೀಟಿ ಅಂಟಿಸಿದ ತೂಕ ಸುಳ್ಳಾಯಿತು. ತೇವ ಹೆಚ್ಚಾದರೆ ಮರ ಮೆತ್ತಗಾಗಿ ಹೊಡೆತದ ಪುಟಿತ ಹೋಗುತ್ತದೆ. ಕಡಿಮೆಯಾದರೆ ಸೀಳು ಬಿಡುತ್ತದೆ.

ಮುಚ್ಚಿದ ಕಂಟೇನರಿಗೆ ಈ ತೇವ ಎಲ್ಲಿಂದ ಬಂತು? ನಾವೇ ತುಂಬಿ ಕಳಿಸಿದ್ದೇವೆ. ರಟ್ಟಿನ ಡಬ್ಬ, ಅಡಿಗೆ ಹಾಕಿದ ಮರದ ಹಲಗೆ, ಕಂಟೇನರಿನ ಮರದ ನೆಲ, ತುಂಬಿದ ದಿನದ ಮಳೆಗಾಲದ ಗಾಳಿ, ಎಲ್ಲದರಲ್ಲೂ ನೀರಿದೆ. ಹಗಲು ಅರಬ್ಬಿ ಸಮುದ್ರದ ಬಿಸಿಲಿಗೆ ಅದು ಆವಿಯಾಗಿ ಏಳುತ್ತದೆ. ರಾತ್ರಿ ಉಕ್ಕಿನ ಸೂರು ತಣ್ಣಗಾದಾಗ, ಬಿಸಿ ಅನ್ನದ ಪಾತ್ರೆಯ ಮುಚ್ಚಳದಿಂದ ಹನಿ ಬೀಳುವ ಹಾಗೆ, ಆ ಆವಿ ಹನಿಯಾಗಿ ಸರಕಿನ ಮೇಲೆ ತೊಟ್ಟಿಕ್ಕುತ್ತದೆ. ಹಡಗು ತಂಪು ದೇಶದತ್ತ ಸಾಗಿದಷ್ಟೂ ಇದು ಹೆಚ್ಚು. ಕಂಟೇನರ್ ಮಳೆ ಎನ್ನುತ್ತಾರೆ ಈ ಕಸುಬಿನವರು. ಹೊರಗೆ ಒಂದು ಹನಿ ಬೀಳದಿದ್ದರೂ ಒಳಗೆ ಮಳೆ! ಚರ್ಮದ ಚೆಂಡು, ಪ್ಯಾಡು, ಗ್ಲವ್ಸುಗಳಿಗೆ ಹಸಿರು ಬೂಸ್ಟು ಹಿಡಿಯುವುದು, ಕಬ್ಬಿಣದ ಸ್ಪೈಕುಗಳಿಗೆ ತುಕ್ಕು ಬರುವುದು ಎಲ್ಲ ಇದರ ಕೆಲಸವೇ.

ಕೊಡಗು, ಚಿಕ್ಕಮಗಳೂರುಗಳ ಕಾಫಿಯನ್ನು ಮಂಗಳೂರು ಬಂದರಿನಿಂದ ಕಳಿಸುವವರಿಗೆ ಇದು ಹೊಸ ಪಾಠವಲ್ಲ. ಕಾಫಿ ಬೀಜ ತೇವಕ್ಕೆ ಹೆದರುವಷ್ಟು ಇನ್ನಾವುದೂ ಹೆದರುವುದಿಲ್ಲ. ಕಂಟೇನರಿನ ಗೋಡೆಗೆ ದಪ್ಪ ಕಾಗದ ಹೊದಿಸುತ್ತಾರೆ, ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡಿನ ಉದ್ದುದ್ದ ಚೀಲಗಳನ್ನು ತೂಗುಹಾಕುತ್ತಾರೆ. ಬ್ಯಾಟಿನವರೂ ಅದನ್ನೇ ಮಾಡುತ್ತಾರೆ. ಮನೆ ಸಾಮಾನಿನ ಜೊತೆ ಕ್ರಿಕೆಟ್ ಕಿಟ್ ಕಳಿಸುವವರು ಮಾತ್ರ ಬ್ಯಾಟನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ, ಭದ್ರವಾಯಿತು ಎಂದುಕೊಳ್ಳುತ್ತಾರೆ. ಒಳಗಿದ್ದ ತೇವವನ್ನು ಒಳಗೇ ಕೂಡಿಹಾಕಿದಂತಾಯಿತು ಅಷ್ಟೇ. ಕಾಗದ, ಬಟ್ಟೆ ಸುತ್ತಿದರೆ ವಾಸಿ. ಹಿಂದಿನ ವಾರ ಬೆವರಿನಲ್ಲಿ ನೆನೆದ ಪ್ಯಾಡನ್ನು ಹಾಗೇ ತುಂಬುವವರಿಗೆ ನಾನು ಏನೂ ಹೇಳಲಾರೆ. ಡಬ್ಬ ತೆರೆದಾಗ ಬರುವ ವಾಸನೆಯೇ ಹೇಳುತ್ತದೆ.

ಮೂರನೆಯ ಸರಕು ಮಣ್ಣು. ಬೇರೆ ಸಾಮಾನಿಗೂ ಹೊರಾಂಗಣ ಆಟದ ಸಾಮಾನಿಗೂ ನಿಜವಾದ ವ್ಯತ್ಯಾಸ ಇರುವುದೇ ಇಲ್ಲಿ. ಸೋಫಾ ಮನೆಯೊಳಗೆ ಬಾಳಿದ್ದು. ಟೆಂಟು, ಬೂಟು, ಸೈಕಲ್ಲು, ಗಾಲ್ಫ್ ಕೋಲು, ಮೀನಿನ ಗಾಳ ಬಾಳಿದ್ದು ಕಾಡಿನಲ್ಲಿ, ಕೆಸರಿನಲ್ಲಿ, ಹೊಳೆಯಲ್ಲಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ದೇಶಗಳು ಇಂಥ ಬಳಸಿದ ಸಾಮಾನನ್ನು ಅನುಮಾನದಿಂದಲೇ ನೋಡುತ್ತವೆ. ಘೋಷಿಸಲೇಬೇಕು, ತೋರಿಸಲೇಬೇಕು. ಬೂಟಿನ ಅಡಿಯ ಕಚ್ಚುಗಳಲ್ಲಿ ಮಣ್ಣಿದ್ದರೆ, ಟೆಂಟಿನ ಮಡಿಕೆಯಲ್ಲಿ ಹುಲ್ಲಿನ ಬೀಜ ಸಿಕ್ಕರೆ ನಿಮ್ಮ ಖರ್ಚಿನಲ್ಲಿ ತೊಳೆಸುತ್ತಾರೆ, ಇಲ್ಲವೇ ವಾಪಸು ಕಳಿಸು ಎನ್ನುತ್ತಾರೆ, ಅದೂ ಆಗದಿದ್ದರೆ ನಾಶ ಮಾಡುತ್ತಾರೆ.

ಇದು ಅಧಿಕಾರಿಗಳ ಕಿರಿಕಿರಿ ಎಂದು ನಮ್ಮವರು ಗೊಣಗುವುದನ್ನು ಕೇಳಿದ್ದೇನೆ. ನನ್ನ ಅಭಿಪ್ರಾಯದಲ್ಲಿ ಅವರು ಮಾಡುವುದು ಸರಿ. ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ವೈಯಾವು ನದಿಯಲ್ಲಿ 2004ರಲ್ಲಿ ಡಿಡಿಮೊ ಎಂಬ ಪಾಚಿ ಕಾಣಿಸಿಕೊಂಡಿತು. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಕೋಶ. ಬೆಳೆದು ಹರಡಿದರೆ ಹೊಳೆಯ ಕಲ್ಲುಗಳನ್ನೆಲ್ಲ ಕಂದು ಕಂಬಳಿ ಹೊದಿಸಿದಂತೆ ಮುಚ್ಚಿಬಿಡುತ್ತದೆ. ಒಂದು ಹನಿ ನೀರಿದ್ದರೆ ಸಾಕು, ಇನ್ನೊಂದು ಹೊಳೆಗೆ ದಾಟುತ್ತದೆ. ಮೀನು ಹಿಡಿಯುವವರು ಜಾರದಿರಲೆಂದು ಹಾಕುವ, ಅಡಿಗೆ ಉಣ್ಣೆಯಂಥ ಫೆಲ್ಟ್ ಅಂಟಿಸಿದ ಬೂಟುಗಳು ನೀರು ಹಿಡಿದಿಟ್ಟುಕೊಳ್ಳುತ್ತವೆ, ಬೇಗ ಒಣಗುವುದಿಲ್ಲ. 2008ರಲ್ಲಿ ಅಲ್ಲಿನ ಮೀನುಗಾರಿಕೆಯಲ್ಲಿ ಅಂಥ ಬೂಟನ್ನೇ ನಿಷೇಧಿಸಿದರು. ಕುರಿ, ದನ, ಹಣ್ಣಿನ ತೋಟಗಳ ಮೇಲೆ ಬದುಕುವ ದ್ವೀಪ ಅದು. ಕಾಲುಬಾಯಿ ರೋಗ ನಮ್ಮ ಹಳ್ಳಿಗಳಿಗೆ ಹೊಸತಲ್ಲ. ಆ ರೋಗ ಕಾಲಿಡದ ದೇಶಕ್ಕೆ ನಮ್ಮ ಕೊಟ್ಟಿಗೆಯ ಪಕ್ಕ ನಡೆದ ಬೂಟು ಹೋಗುತ್ತಿದೆ ಎಂದಮೇಲೆ ಅವರು ಅದರ ಸಂದುಗೊಂದುಗಳನ್ನೂ ನೋಡದೆ ಬಿಟ್ಟಾರೆಯೇ?

ಮೆಲ್ಬರ್ನಿಗೋ ಆಕ್ಲೆಂಡಿಗೋ ಸಂಸಾರ ಸಾಗಿಸುವ ಕನ್ನಡಿಗರು ಈಗ ಬಹಳ. ಶನಿವಾರ ಕ್ರಿಕೆಟ್ ಆಡಲು ಕಿಟ್ ಬೇಕೇ ಬೇಕು. ಅವರಿಗೆ ನನ್ನ ಕಿವಿಮಾತು ಇಷ್ಟು. ನಮ್ಮ ಮೈದಾನದ ಕೆಮ್ಮಣ್ಣು ಸ್ಪೈಕಿನ ಬುಡದಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಸ್ಪೈಕು ಬಿಚ್ಚಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೊಳೆಯಿರಿ. ಕಿಟ್ ಬ್ಯಾಗನ್ನು ಬುಡಮೇಲು ಮಾಡಿ ಕೊಡವಿ, ಹೊಲಿಗೆಯ ಸಂದನ್ನು ನೋಡಿ. ಸ್ಟಂಪಿನ ಮೊನೆಗೆ ಮಣ್ಣು ಹತ್ತಿರುವುದನ್ನು ಎಲ್ಲರೂ ಮರೆಯುತ್ತಾರೆ. ಸೈಕಲ್ಲಿನ ಮಡ್ಗಾರ್ಡಿನ ಒಳಮೈ ನೋಡಿ. ಎರಡು ದಿನ ಬಿಸಿಲಿಗೆ ಇಟ್ಟು, ಆಮೇಲೆ ಕಟ್ಟಿ. ಇದೆಲ್ಲ ಇಲ್ಲಿ ಒಂದು ಬಕೆಟ್ ನೀರಿನ ಕೆಲಸ. ಅಲ್ಲಿ ಅದಕ್ಕೆ ಗಂಟೆಯ ಲೆಕ್ಕದಲ್ಲಿ ಡಾಲರು ಎಣಿಸಬೇಕು. ಮರದ ಪೆಟ್ಟಿಗೆ ಮಾಡಿಸುವುದಾದರೆ ಬಡಗಿಯನ್ನು ಕೇಳಿ ಯಾವುದೋ ಹಲಗೆ ಹೊಡೆಸಬೇಡಿ. ಹಲಗೆಯ ಒಡಲಿನ ತನಕ 56 ಡಿಗ್ರಿ ಶಾಖ ಮೂವತ್ತು ನಿಮಿಷ ತಾಗಿಸಿದ್ದೇವೆ ಎಂದು ಸಾರುವ, ಗೋಧಿ ತೆನೆಯ ಚಿತ್ರದ ಅಂತಾರಾಷ್ಟ್ರೀಯ ಮುದ್ರೆ ಅದರ ಮೇಲೆ ಇರಬೇಕು. ಮರ ಕೊರೆಯುವ ಹುಳು ದೇಶ ದಾಟದಿರಲೆಂದು ಈ ಕಟ್ಟಳೆ.

ಕಾಗದದ ಮಾತನ್ನು ಉದ್ದ ಮಾಡುವುದಿಲ್ಲ. ಒಂದು ತಮಾಷೆ ಮಾತ್ರ ಹೇಳುತ್ತೇನೆ. ಒಬ್ಬನೇ ಮನುಷ್ಯ ಒಂದೇ ರಜೆಗೆ ಒಯ್ಯುವ ಸಾಮಾನು ಕಸ್ಟಮ್ಸ್ ಪುಸ್ತಕದಲ್ಲಿ ಊರೂರು ಚೆದುರಿಹೋಗುತ್ತದೆ. ಬ್ಯಾಟು, ಸರ್ಫಿಂಗ್ ಹಲಗೆ 9506 ಎಂಬ ಸಂಖ್ಯೆಯ ಶೀರ್ಷಿಕೆಯಲ್ಲಿ, ಗಾಳ 9507ರಲ್ಲಿ, ಸೈಕಲ್ಲು 8712ರಲ್ಲಿ, ಟೆಂಟು 6306ರಲ್ಲಿ, ಮಲಗುಚೀಲ ಹಾಸಿಗೆ ದಿಂಬಿನ ಜೊತೆ 9404ರಲ್ಲಿ, ಕಯಾಕ್ ದೋಣಿ 8903ರಲ್ಲಿ. ಎಲ್ಲಕ್ಕೂ ‘ಸ್ಪೋರ್ಟ್ಸ್ ಗೂಡ್ಸ್’ ಎಂದು ಒಂದೇ ಸಾಲು ಬರೆದು ಕೈತೊಳೆದುಕೊಂಡವನ ಡಬ್ಬವನ್ನೇ ಅಧಿಕಾರಿ ಮೊದಲು ತೆರೆಯುವುದು.

ಹಡಗಿನಲ್ಲಿ ಕಳಿಸುವವನಿಗೆ ಋತುವಿನ ಕಟ್ಟುಪಾಡೂ ಇದೆ. ಇಂಗ್ಲೆಂಡಿನಲ್ಲಿ ಕ್ರಿಕೆಟ್ ಏಪ್ರಿಲಿನಿಂದ ಸೆಪ್ಟೆಂಬರಿನ ತನಕ. ಅಂಗಡಿಯಲ್ಲಿ ಬ್ಯಾಟು ಮಾರ್ಚಿಗೆ ಮೊದಲೇ ನಿಂತಿರಬೇಕು. ಜುಲೈಯಲ್ಲಿ ಮುಟ್ಟಿದ ಬ್ಯಾಟು ಮುಂದಿನ ವರ್ಷದ ತನಕ ಗೋದಾಮಿನ ಬಾಡಿಗೆ ತಿನ್ನುತ್ತದೆ. 2023ರ ಕೊನೆಗೆ ಕೆಂಪು ಸಮುದ್ರದಲ್ಲಿ ಹೌತಿ ಬಂಡುಕೋರರು ಹಡಗುಗಳ ಮೇಲೆ ದಾಳಿ ಶುರುಮಾಡಿದಾಗ ದೊಡ್ಡ ಹಡಗು ಕಂಪನಿಗಳು ಸುಯೆಜ್ ದಾರಿ ಬಿಟ್ಟು ಆಫ್ರಿಕದ ತುದಿಯ ಕೇಪ್ ಆಫ್ ಗುಡ್ ಹೋಪ್ ಸುತ್ತಿಕೊಂಡು ಹೋಗತೊಡಗಿದವು. ಹತ್ತರಿಂದ ಹದಿನಾಲ್ಕು ದಿನ ಹೆಚ್ಚು, ಬಾಡಿಗೆಯೂ ಹೆಚ್ಚು. ವಾಸ್ಕೋ ಡ ಗಾಮಾ ಬಂದ ದಾರಿಯಲ್ಲೇ ಬ್ಯಾಟುಗಳು ಹೋಗುವ ಹಾಗಾಯಿತು. ಅದು ಡಿಸೆಂಬರ್, ಜನವರಿ, ಮಾಲು ಹೊರಡುವ ಹೊತ್ತು ಬೇರೆ.

ಅದಕ್ಕೂ ಮೊದಲು, 2021ರ ಮಾರ್ಚ್ 23ರಂದು ಎವರ್ ಗಿವನ್ ಎಂಬ ಭಾರೀ ಹಡಗು ಸುಯೆಜ್ ಕಾಲುವೆಗೆ ಅಡ್ಡ ಸಿಕ್ಕಿಕೊಂಡದ್ದು ನಿಮಗೆ ನೆನಪಿರಬಹುದು. ಆರು ದಿನಕ್ಕೆ ಬಿಡಿಸಿದರು. ಜನ ಅಲ್ಲಿಗೆ ಮರೆತರು. ಆದರೆ ಪರಿಹಾರದ ಹಣಕ್ಕಾಗಿ ಈಜಿಪ್ಟ್ ಆ ಹಡಗನ್ನು ಜುಲೈ 7ರ ತನಕ ಹಿಡಿದಿಟ್ಟುಕೊಂಡಿತು. ಅದರ ಮೇಲಿದ್ದ ಸುಮಾರು 18,000 ಕಂಟೇನರುಗಳೂ ಅಲ್ಲೇ ಉಳಿದವು. ಹಡಗಿನ ಮಾಲೀಕರು ‘ಜನರಲ್ ಆವರೇಜ್’ ಘೋಷಿಸಿದರು. ಶತಮಾನಗಳಷ್ಟು ಹಳೆಯ ಕಡಲ ಕಟ್ಟಳೆ ಇದು. ಆಪತ್ತಿನಲ್ಲಿ ಹಡಗನ್ನೂ ಸರಕನ್ನೂ ಉಳಿಸಲು ಆದ ವಿಶೇಷ ಖರ್ಚನ್ನು ಆ ಹಡಗಿನಲ್ಲಿ ಮಾಲಿದ್ದ ಎಲ್ಲರೂ ತಮ್ಮ ಮಾಲಿನ ಬೆಲೆಗೆ ತಕ್ಕಂತೆ ಹಂಚಿಕೊಳ್ಳಬೇಕು. ನಿಮ್ಮ ಸೈಕಲ್ಲಿಗೆ ಗೀರೂ ಬಿದ್ದಿಲ್ಲ. ಆದರೂ ನಿಮ್ಮ ಪಾಲಿನ ಜಾಮೀನು ಕಟ್ಟದೆ ಅದನ್ನು ಬಿಡುವುದಿಲ್ಲ. ಇನ್ನೊಬ್ಬರ ಸಾಲವೂ ನಿಮ್ಮ ಡಬ್ಬದ ಜೊತೆ ಪ್ರಯಾಣ ಮಾಡುತ್ತಿತ್ತು ಎನ್ನುವುದು ಆಗಲೇ ತಿಳಿಯುವುದು. ಸಾಗರ ವಿಮೆ ಮಾಡಿಸಿದ್ದವನ ಪರವಾಗಿ ವಿಮೆಯವರು ಆ ಜಾಮೀನು ನೋಡಿಕೊಳ್ಳುತ್ತಾರೆ. ಹಳೇ ಕಿಟ್ಟಿಗೆ ವಿಮೆ ಯಾಕೆ ಎಂದು ಉಳಿಸಿದ ನಾಲ್ಕು ಕಾಸು ಅಲ್ಲಿ ನೆನಪಿಗೆ ಬರುತ್ತದೆ.

ಇನ್ನು ಕಂಟೇನರೇ ಕಡಲಿಗೆ ಬಿದ್ದರೆ? ಅಪರೂಪ, ಆದರೆ ಆಗುತ್ತದೆ. 1990ರ ಮೇ 27ರಂದು ಕೊರಿಯಾದಿಂದ ಅಮೆರಿಕಕ್ಕೆ ಹೊರಟಿದ್ದ ಹಾನ್ಸಾ ಕ್ಯಾರಿಯರ್ ಹಡಗು ಪೆಸಿಫಿಕ್ ಸಾಗರದಲ್ಲಿ ಬಿರುಗಾಳಿಗೆ ಸಿಕ್ಕಿ 21 ಕಂಟೇನರುಗಳನ್ನು ಕಳೆದುಕೊಂಡಿತು. ಅವುಗಳಲ್ಲಿ ಐದರಲ್ಲಿ ನೈಕಿ ಬೂಟುಗಳಿದ್ದವು, 60,000ಕ್ಕೂ ಹೆಚ್ಚು. ತಿಂಗಳುಗಳು ಕಳೆದ ಮೇಲೆ ಅವು ಅಮೆರಿಕದ ಪಶ್ಚಿಮ ಕರಾವಳಿಗೆ ತೇಲಿಬಂದು ಬೀಳತೊಡಗಿದವು. ಕರ್ಟಿಸ್ ಎಬ್ಬೆಸ್‌ಮೆಯರ್ ಎಂಬ ಸಾಗರ ವಿಜ್ಞಾನಿ, ಎಲ್ಲಿ ಬಿದ್ದವು, ಎಲ್ಲಿ ಯಾವಾಗ ಸಿಕ್ಕವು ಎಂದು ಗುರುತು ಹಾಕಿಕೊಳ್ಳುತ್ತ ಹೋಗಿ, ಜೊತೆಗಾರ ಜಿಮ್ ಇಂಗ್ರಹಾಂ ಅವರ ಕಂಪ್ಯೂಟರ್ ಲೆಕ್ಕದೊಂದಿಗೆ ಹೋಲಿಸಿ, ಪೆಸಿಫಿಕ್ಕಿನ ಪ್ರವಾಹಗಳ ಅಧ್ಯಯನಕ್ಕೆ ಅದನ್ನು ಬಳಸಿಕೊಂಡರು. 1994ರಲ್ಲಿ ಇನ್ನೊಂದು ಹಡಗಿನಿಂದ ಐಸ್ ಹಾಕಿಯ ಸುಮಾರು 34,000 ಕೈಗವಸುಗಳು ಕಡಲು ಸೇರಿದಾಗ ಅವನ್ನೂ ಹಾಗೆಯೇ ಹಿಂಬಾಲಿಸಿದರು.

ಬೂಟುಗಳನ್ನು ಜೋಡಿಯಾಗಿ ಕಟ್ಟಿರಲಿಲ್ಲ. ಒಬ್ಬರಿಗೆ ಎಡಗಾಲಿನದು, ಹತ್ತು ಮೈಲಿ ಆಚೆ ಇನ್ನೊಬ್ಬರಿಗೆ ಬಲಗಾಲಿನದು. ಒರೆಗಾನ್ ಕಡಲಂಚಿನ ಜನ ಸಂತೆ ಕೂಡಿ, ಅಳತೆ ಕೂಗಿ, ಅದಲುಬದಲು ಮಾಡಿಕೊಂಡು ಜೋಡಿ ಕೂಡಿಸಿದರು. ವರ್ಷದ ಹತ್ತಿರ ಉಪ್ಪುನೀರಿನಲ್ಲಿದ್ದ ಬೂಟನ್ನು ತೊಳೆದು ಒಣಗಿಸಿ ಹಾಕಿಕೊಂಡು ನಡೆದರು. ಕಾಗದದಲ್ಲಿ ಅದು ನಷ್ಟವಾದ ಮಾಲು.